ಮಕ್ಕಳ ಕೈಬಿಡದ ಗುರು: ಯಾನುಷ್ ಕೊರ್ಚಾಕ್

ಪೋಲೆಂಡಿನ ವಾರ್ಸಾ ನಗರದ ಯೆಹೂದಿ ಮನೆತನದಲ್ಲಿ ಜನಿಸಿದ ವೈದ್ಯ ಹೆನ್ರಿಕ್ ಗೋಲ್ಡ್‌ಷ್ಮಿತ್ ಅವರು ಯಾನುಷ್ ಕೊರ್ಚಾಕ್ ಎಂಬ ಕಾವ್ಯನಾಮದಿಂದ ಲೋಕವಿಖ್ಯಾತರಾದರು. ವೈದ್ಯವೃತ್ತಿಯಿಂದ ಸಿರಿಸಂಪದವನ್ನು ಗಳಿಸಬಹುದಾಗಿದ್ದ ಆ ಮಹನೀಯರು 1912ರಲ್ಲಿ ತೆರೆದ ಅನಾಥಾಲಯವನ್ನೇ ತಮ್ಮ ಕಾಯಕಕ್ಷೇತ್ರವನ್ನಾಗಿ ಆರಿಸಿಕೊಂಡರು. ಅಲ್ಲಿ ತಪ್ಪುಒಪ್ಪುಗಳ ವಿಚಾರಣೆಗೆ ಮಕ್ಕಳದೇ ನ್ಯಾಯಾಲಯವಿತ್ತು. ಗುರುವೂ ಅದರ ತೀರ್ಪಿಗೆ ತಲೆಬಾಗಬೇಕಿತ್ತು.

1939ರಲ್ಲಿ ಜರ್ಮನ್ ಸೇನೆ ಪೋಲೆಂಡನ್ನಾಕ್ರಮಿಸಿತು. ಮರುವರ್ಷ ವಾರ್ಸಾದ ಯೆಹೂದಿಗಳನ್ನೆಲ್ಲ ಎತ್ತರದ ಗೋಡೆಯೊಳಗಣ ಕೇರಿಯಲ್ಲಿ ಕೂಡಿಹಾಕಲಾಯಿತು. ಹಸಿವೂ ರೋಗವೂ ತಾಂಡವವಾಡುತ್ತಿದ್ದ ಆ ಕೇರಿಯಲ್ಲಿ ಕೊರ್ಚಾಕರು ಮನೆಮನೆಗೆ ತಿರುಗಿ ಬೇಡಿತಂದು ಮಕ್ಕಳ ಹೊಟ್ಟೆ ಹೊರೆದರು. 1942ರ ಜುಲೈ 18ರಂದು ಅನಾಥಾಲಯದ ಮಕ್ಕಳು ರವೀಂದ್ರನಾಥ ಠಾಕೂರರ ‘ಡಾಕಘರ’ ನಾಟಕವನ್ನಾಡಿದರು. ಮೃತ್ಯುವನ್ನು ಶಾಂತಚಿತ್ತದಿಂದ ಎದುರುಗೊಳ್ಳುವ ಬಾಲಕನ ಕಥೆಯದು. ನಾಲ್ಕೇ ದಿನಗಳಲ್ಲಿ ಟ್ರೆಬ್ಲಿಂಕಾ ವಧಾಸ್ಥಾನಕ್ಕೆ ಜನರನ್ನು ಸಾಗಿಸುವ ಘೋರಕಾರ್ಯ ಮೊದಲಾಯಿತು. ಎರಡು ತಿಂಗಳೊಳಗೆ 2,50,000ಕ್ಕೂ ಮಿಕ್ಕ ಜೀವಗಳು ಅದಕ್ಕೆ ಆಹುತಿಯಾದವು.

ಪಾರಾಗುವ ದಾರಿಯನ್ನು ಮಿತ್ರರು ತೋರಿದರೂ ಕೊರ್ಚಾಕರು ಒಪ್ಪಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನೂ ಚಿರಕಾಲದ ಸಹೋದ್ಯೋಗಿನಿ ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಅವರನ್ನೂ ಕೂಡಿಕೊಂಡು ರೈಲುಬಂಡಿಯತ್ತ ನಡೆದರು. ಅವರು ಯಾರೂ ಮರಳಲಿಲ್ಲ. ಮಕ್ಕಳ ಪ್ರಾಣವನ್ನುಳಿಸುವುದು ಆ ಗುರುವಿನ ಕೈಯಲ್ಲಿರಲಿಲ್ಲ. ಅವರನ್ನು ಒಂಟಿಯಾಗಿ ಬಿಡದಿರುವುದು ಇತ್ತು. ಅದನ್ನು ಅವರು ಕಡೆಯವರೆಗೂ ನಡೆಸಿದರು.