ಟಿಪ್ಪು ಸುಲ್ತಾನ ಮತ್ತು ಮೂರು ಕೋಟೆಗಳು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯದ ಹಣೆಬರಹ ಹಲವು ಬಾರಿ ಕೋಟೆಯ ಬಾಗಿಲಲ್ಲಿಯೇ ನಿರ್ಧಾರವಾಯಿತು. ಟಿಪ್ಪು ಸುಲ್ತಾನನ ಬಾಳು ಇದಕ್ಕೆ ನಿದರ್ಶನ. ಅವನು ಕೋಟೆಯನ್ನು ಮುತ್ತಿ ಗೆದ್ದವನೂ ಹೌದು, ಕೋಟೆಯನ್ನು ಕಾಯುತ್ತ ಮಡಿದವನೂ ಹೌದು.

ಟಿಪ್ಪು ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರಾಲಿ, ತಾಯಿ ಫಕ್ರುನ್ನೀಸಾ. ಹದಿಹರೆಯದಲ್ಲಿಯೇ ರಣರಂಗವನ್ನು ಕಂಡ ಟಿಪ್ಪುವಿಗೆ, 1782ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡಾಗ, ರಾಜ್ಯದೊಡನೆ ಆಂಗ್ಲರ ಮೇಲಿನ ಯುದ್ಧವೂ ಪಾಲಿಗೆ ಬಂದಿತು.

ಮರುವರ್ಷ ಅವನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ಆಂಗ್ಲ ದಂಡು ತಿಂಗಳುಗಟ್ಟಲೆ ಎದುರಿಸಿ ನಿಂತಿತು. ಕೊನೆಗೆ ಫಿರಂಗಿಗಿಂತ ಹಸಿವು, ರೋಗಗಳೇ ಅದನ್ನು ಮಣಿಸಿದವು. 1784ರ ಜನವರಿಯಲ್ಲಿ ಕೋಟೆ ಟಿಪ್ಪುವಿನ ಕೈಸೇರಿತು. ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದವಾಯಿತು. ಆದರೆ ಶತ್ರುಗಳಿಗೆ ನೆರವಾದರೆಂಬ ಸಂಶಯದಿಂದ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಅವನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಗೆಲುವಿನ ಜೊತೆಗೆ ಈ ಜನರ ಸಂಕಟವನ್ನೂ ಇತಿಹಾಸ ಮರೆಯಲಾರದು.

ಮತ್ತೆ ಯುದ್ಧ ಬರುವುದೆಂದು ಟಿಪ್ಪು ಬಲ್ಲವನಾಗಿದ್ದನು. ತುರ್ಕಿಯ ಸುಲ್ತಾನನ ನೆರವನ್ನು ಕೋರಿ ದೂತರನ್ನು ಕಳುಹಿಸಿದನು. ಆದರೆ ರಷ್ಯಾ, ಆಸ್ಟ್ರಿಯಾಗಳೊಡನೆ ಹೋರಾಡುತ್ತಿದ್ದ ತುರ್ಕರು 1789ರಲ್ಲಿ ತಮ್ಮ ಬೆಲ್‌ಗ್ರೇಡ್ ಕೋಟೆಯನ್ನೇ ಕಳೆದುಕೊಂಡರು. ಇತ್ತ ಮರಾಠರೂ ನಿಜಾಮನೂ ಆಂಗ್ಲರ ಪಕ್ಷ ಸೇರಿದರು. ಟಿಪ್ಪು ಒಂಟಿಯಾದನು.

1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನ ಮೇಲೆ ದಂಡೆತ್ತಿ ಬಂದನು. ಮಾರ್ಚಿ 7ರಂದು ಪೇಟೆ ಆಂಗ್ಲರ ವಶವಾಯಿತು. ಕೆಂಗೇರಿಯ ಕಡೆ ಬೀಡುಬಿಟ್ಟಿದ್ದ ಟಿಪ್ಪು ಅದನ್ನು ಮರಳಿ ಪಡೆಯಲು ದಂಡನ್ನು ಕಳುಹಿಸಿದನು, ಯತ್ನ ಫಲಿಸಲಿಲ್ಲ. ಹೈದರನು ಕಲ್ಲಿನಿಂದ ಭದ್ರಪಡಿಸಿದ್ದ ಕೋಟೆಯ ಗೋಡೆಯನ್ನು ಫಿರಂಗಿಗಳು ಒಡೆದವು. ಮಾರ್ಚಿ 21ರ ರಾತ್ರಿ ಆಂಗ್ಲರು ಲಗ್ಗೆ ಹತ್ತಿದರು. ವೃದ್ಧ ಕಿಲ್ಲೇದಾರ ಬಹಾದ್ದೂರ್ ಖಾನನು ಹಿಮ್ಮೆಟ್ಟದೆ ಹೋರಾಡಿ ಪ್ರಾಣವಿತ್ತನು.

ಅದೇ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದವರೆಗೆ ಬಂದರೂ ಧಾನ್ಯವಿಲ್ಲದೆ, ಬಂಡಿಯೆಳೆಯುವ ಎತ್ತುಗಳಿಲ್ಲದೆ, ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. 1792ರಲ್ಲಿ ಅವನು ಸಿದ್ಧತೆಯೊಡನೆ ಮರಳಿ ಬಂದನು. ಟಿಪ್ಪು ಸಂಧಿಗೆ ಒಪ್ಪಲೇಬೇಕಾಯಿತು. ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕೆಂಬುದು ಷರತ್ತು. ಅದು ತೀರುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ಟಿಪ್ಪು ಹಣವನ್ನು ಸಲ್ಲಿಸಿದನು. 1794ರಲ್ಲಿ ಮಕ್ಕಳು ತಂದೆಯ ಮಡಿಲಿಗೆ ಮರಳಿದರು.

1799ರಲ್ಲಿ ಆಂಗ್ಲ ಸೇನೆ ಮತ್ತೊಮ್ಮೆ ಶ್ರೀರಂಗಪಟ್ಟಣವನ್ನು ಮುತ್ತಿತು. ಮಳೆಗಾಲ ಬಂದು ಕಾವೇರಿ ತುಂಬಿದ್ದರೆ ಮುತ್ತಿಗೆ ಮುಂದುವರಿಯುವುದು ಕಷ್ಟವಾಗುತ್ತಿತ್ತು. ಶತ್ರುಗಳ ಧಾನ್ಯವೂ ತೀರುತ್ತ ಬಂದಿತ್ತು. ಆದರೆ ನದಿ ಇನ್ನೂ ಬತ್ತಿತ್ತು. ಮೇ 4ರ ಮಧ್ಯಾಹ್ನ ಸೈನಿಕರು ನದಿಯನ್ನು ದಾಟಿ, ಗೋಡೆ ಒಡೆದ ಕಡೆಯಿಂದ ಒಳನುಗ್ಗಿದರು. ಊಟಕ್ಕೆ ಕುಳಿತಿದ್ದ ಟಿಪ್ಪು ಅರ್ಧದಲ್ಲಿಯೇ ಎದ್ದು ಕಾಳಗಕ್ಕೆ ಧಾವಿಸಿದನು. ಸಂಜೆಯ ಮೇಲೆ ಕೋಟೆಯ ಬಾಗಿಲೊಂದರ ಬಳಿ, ಹೆಣಗಳ ರಾಶಿಯ ನಡುವೆ ಅವನ ದೇಹ ದೊರೆಯಿತು.

ಕೋಟೆಯನ್ನು ಕಲ್ಲಿನಿಂದ ಕಟ್ಟಬಹುದು. ಅದು ಉಳಿಯಬೇಕಾದರೆ ಒಳಗೆ ಧಾನ್ಯವಿರಬೇಕು, ಹೊರಗೆ ಮಿತ್ರರಿರಬೇಕು. ಟಿಪ್ಪುವಿಗೆ ಧೈರ್ಯದ ಕೊರತೆ ಇರಲಿಲ್ಲ. ನೆರೆಯ ಮಿತ್ರರ ಕೊರತೆಯಿತ್ತು.