ನಕ್ಷತ್ರ ಮರೆಯಾಗುವ ಕ್ಷಣಕ್ಕೆ ಕಾದವರು: ವೈನು ಬಪ್ಪು

ಮಕ್ಕಳೇ, ರಾತ್ರಿ ಕಾನಹೊಸಹಳ್ಳಿಯ ಊರಾಚೆ ನಿಂತರೆ ದೂರದ ಹೊಲದ ಮನೆಯ ದೀಪ ಚುಕ್ಕಿಯಂತೆ ಕಾಣುತ್ತದೆ. ಆ ದೀಪ ಥಟ್ಟನೆ ಮರೆಯಾಗಿ ಮತ್ತೆ ಕಂಡರೆ ಏನು ತಿಳಿಯುತ್ತೀರಿ? ಯಾರೋ ಅಡ್ಡ ಹಾದುಹೋದರು ಎಂದಲ್ಲವೇ? ಹಾದುಹೋದವರು ಕತ್ತಲೆಯಲ್ಲಿ ಕಾಣದಿದ್ದರೂ ಅವರಿದ್ದದ್ದು ಗೊತ್ತಾಗುತ್ತದೆ.

ಆಕಾಶದಲ್ಲಿಯೂ ಹೀಗೆಯೇ. ದೂರದ ಚಿಕ್ಕ ಕಾಯವೊಂದು ನಕ್ಷತ್ರಕ್ಕೆ ಅಡ್ಡ ಬಂದರೆ ನಕ್ಷತ್ರ ಸ್ವಲ್ಪ ಹೊತ್ತು ಮರೆಯಾಗುತ್ತದೆ. ಇದಕ್ಕೆ ಆಚ್ಛಾದನೆ ಎಂದು ಹೆಸರು. ಸೆಕೆಂಡಿಗೆ 20 ಕಿ.ಮೀ. ಸಾಗುವ ಕಾಯ 10 ಸೆಕೆಂಡು ನಕ್ಷತ್ರವನ್ನು ಮರೆಮಾಡಿದರೆ, ಅಡ್ಡ ಬಂದ ಭಾಗದ ಅಗಲ 200 ಕಿ.ಮೀ. ಎಂದು ಲೆಕ್ಕ ಹಾಕಬಹುದು. ಬೆಳಕು ಒಮ್ಮೆಲೇ ಆರದೆ ಮೆಲ್ಲಗೆ ಮಂಕಾದರೆ ಅಲ್ಲಿ ಗಾಳಿ ಇರಬಹುದು. ಆದರೆ ಮೋಡದ ನೆರಳು ಎಲ್ಲ ಹೊಲಗಳ ಮೇಲೂ ಬೀಳುವುದಿಲ್ಲ. ಹಾಗೆಯೇ ಈ ಘಟನೆಯೂ ಭೂಮಿಯ ಕೆಲವು ಭಾಗಗಳಿಗೆ ಮಾತ್ರ ಕಾಣುತ್ತದೆ. ಅಲ್ಲಿ ದೂರದರ್ಶಕ ಇಲ್ಲದಿದ್ದರೆ ಅವಕಾಶ ತಪ್ಪಿದಂತೆಯೇ.

ನಮ್ಮ ದೇಶದಲ್ಲಿ ಅಂಥ ದೂರದರ್ಶಕಗಳಿಗೆ ನೆಲೆ ಕಟ್ಟಿದವರು ಮನಾಲಿ ಕಲ್ಲಾಟ್ ವೈನು ಬಪ್ಪು. ಇವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಚೆನ್ನೈನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹೀಗಾಗಿ ಬಾಲಕನಿಗೆ ಆಕಾಶ ಮನೆಯಂಗಳದಷ್ಟೇ ಪರಿಚಿತವಾಯಿತು. ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದ ಬಪ್ಪು 1949ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು. ಅದಕ್ಕೆ ಬಪ್ಪು-ಬೋಕ್-ನ್ಯೂಕಿರ್ಕ್ ಎಂಬ ಹೆಸರು ಬಂತು.

ವಿದೇಶದಲ್ಲಿ ದೊಡ್ಡ ದೂರದರ್ಶಕಗಳಿದ್ದರೂ ಬಪ್ಪು ಅಲ್ಲಿಯೇ ಉಳಿಯಲಿಲ್ಲ. ಸ್ವದೇಶಕ್ಕೆ ಮರಳಿ, ಮೊದಲು ಉತ್ತರ ಪ್ರದೇಶದ ವೀಕ್ಷಣಾಲಯವನ್ನು ವಾರಾಣಸಿಯಿಂದ ನೈನಿತಾಲ್‌ಗೆ ಸಾಗಿಸಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ನಕ್ಷತ್ರ ನೋಡಲು ಇನ್ನೂ ತಿಳಿಯಾದ ಆಕಾಶ ಬೇಕೆಂದು ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು. ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಮೊದಲ ನಿರ್ದೇಶಕರೂ ಅವರೇ.

1972ರಲ್ಲಿ ಕಾವಲೂರಿಗೆ 1 ಮೀಟರ್ ವ್ಯಾಸದ ದೂರದರ್ಶಕ ಬಂತು. ಅದೇ ವರ್ಷ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿತು. ಕಾವಲೂರು ಮತ್ತು ಇಂಡೊನೇಷ್ಯಾದ ವೀಕ್ಷಣೆಗಳಿಂದ ಅಲ್ಲಿ ತೆಳುವಾದ ವಾಯುಮಂಡಲ ಇದೆಯೆಂದು ವಿಜ್ಞಾನಿಗಳು ಹೇಳಿದರು. ಅದು ಅವರು ಎಣಿಸಿದ್ದಕ್ಕಿಂತ ಬಹಳ ತೆಳು ಎಂಬುದನ್ನು ಮುಂದೆ ವಾಯೇಜರ್ ನೌಕೆ ತೋರಿಸಿತು.

1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಸರದಿ. ಕಾವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ಬೆಳಕು ಕೆಲವು ಸೆಕೆಂಡು ಕುಗ್ಗಿತು! ಕಾಣದ ಉಪಗ್ರಹವೊಂದು ಅಡ್ಡ ಬಂದಿರಬೇಕೆಂದು ಅವರು ಭಾವಿಸಿದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ವಿಮಾನದಿಂದ ಅಮೆರಿಕದ ವಿಜ್ಞಾನಿಗಳು ಗ್ರಹದ ಎರಡೂ ಬದಿಯಲ್ಲಿ ಇಂಥ ಕುಗ್ಗುವಿಕೆಗಳನ್ನು ಕಂಡಿದ್ದರು. ಎಲ್ಲ ದಾಖಲೆಗಳನ್ನು ಹೋಲಿಸಿದಾಗ ಅವು ಯುರೇನಸ್ಸಿನ ಉಂಗುರಗಳೆಂದು ತಿಳಿಯಿತು.

1979ರಲ್ಲಿ ಬಪ್ಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. 1981ರಲ್ಲಿ ಪದ್ಮಭೂಷಣ ಬಂತು. ಆದರೆ ಅವರ ದೊಡ್ಡ ಕನಸು ಬೇರೆಯೇ ಇತ್ತು: 2.34 ಮೀಟರ್ ವ್ಯಾಸದ ದೂರದರ್ಶಕವನ್ನು ಭಾರತದಲ್ಲಿಯೇ ಕಟ್ಟುವುದು. ಆ ಕೆಲಸ ಮುಗಿಯುವ ಮೊದಲೇ, 1982ರ ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್‌ನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 55 ವರ್ಷ. ಜೊತೆಗಾರರು ಕೆಲಸ ಬಿಡಲಿಲ್ಲ. 1986ರ ಜನವರಿಯಲ್ಲಿ ಆ ದೂರದರ್ಶಕಕ್ಕೆ ವೈನು ಬಪ್ಪು ಅವರ ಹೆಸರನ್ನೇ ಇಡಲಾಯಿತು.

ಅವರು ನೈನಿತಾಲ್‌ಗೆ ಸಾಗಿಸಿದ ವೀಕ್ಷಣಾಲಯವೂ ಬೆಳೆಯಿತು. 2020ರ ಜೂನ್ 6ರಂದು ಪ್ಲೂಟೊ ನಕ್ಷತ್ರವೊಂದನ್ನು ಮರೆಮಾಡಿದ್ದನ್ನು ಅದರ ದೇವಸ್ಥಳದ ದೂರದರ್ಶಕಗಳು ದಾಖಲಿಸಿದವು. ಅದರಿಂದ ಪ್ಲೂಟೊವಿನ ವಾಯುಮಂಡಲದ ಒತ್ತಡ ಅಳೆಯಲಾಯಿತು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ 2596ನೇ ಕ್ಷುದ್ರಗ್ರಹದ ಹೆಸರೂ ವೈನು ಬಪ್ಪು.

ನೀವೂ ನೋಡಿ: ಚಂದ್ರನೂ ನಕ್ಷತ್ರಗಳನ್ನು ಮರೆಮಾಡುತ್ತಾನೆ. ಅಮಾವಾಸ್ಯೆಯ ನಂತರದ ದಿನಗಳಲ್ಲಿ ಸಂಜೆ ಚಂದ್ರನ ಕತ್ತಲೆಯ ಅಂಚನ್ನು ಗಮನಿಸಿ. ರೋಹಿಣಿ, ಮಖಾ, ಚಿತ್ರಾ, ಜ್ಯೇಷ್ಠಾ ಅವನ ದಾರಿಯಲ್ಲಿ ಬರುವ ಪ್ರಕಾಶಮಾನ ನಕ್ಷತ್ರಗಳು. ಚಂದ್ರನಲ್ಲಿ ನಮ್ಮಂತೆ ಗಾಳಿಯಿಲ್ಲ. ಹಾಗಾದರೆ ನಕ್ಷತ್ರ ಮೆಲ್ಲಗೆ ಮಂಕಾಗುವುದೋ, ಥಟ್ಟನೆ ಮಾಯವಾಗುವುದೋ? ಮೊದಲು ಊಹಿಸಿ ಬರೆದಿಡಿ, ನಂತರ ನೋಡಿ ತಿಳಿಯಿರಿ.