ತೋಟಗಾರ ಮೋನಿಯೇ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಕುಂಬಾರಿಕೆಗೆ ಹೆಸರಾದ ಸಾಂ ಕಾಂತಾಂ ಲಾ ಪೊತ್ರಿ ಎಂಬ ಗ್ರಾಮವಿದೆ. ಜೋಸೆಫ್ ಮೋನಿಯೇ 1823ರ ನವೆಂಬರ್ 8ರಂದು ಅಲ್ಲಿ ಜನಿಸಿದನು. ತಂದೆಯು ಉಜೆಸ್‌ನ ಡ್ಯೂಕನ ತೋಟದಲ್ಲಿ ದುಡಿಯುತ್ತಿದ್ದನು. ಮನೆಯಲ್ಲಿ ಹತ್ತು ಮಂದಿ ಮಕ್ಕಳು. ಅಂತಹ ಸಂಸಾರದಲ್ಲಿ ಬಾಲಕನಿಗೆ ಶಾಲೆಯ ಮೆಟ್ಟಿಲು ಹತ್ತುವ ಯೋಗವಿರಲಿಲ್ಲ. ಗುದ್ದಲಿ ಹಿಡಿದು ತಂದೆಯೊಡನೆ ತೋಟಕ್ಕೆ ನಡೆದನು. ಹದಿನೇಳನೆಯ ವಯಸ್ಸಿನಲ್ಲಿ ಡ್ಯೂಕನು ಅವನನ್ನು ಪ್ಯಾರಿಸ್ಸಿನ ತನ್ನ ಭವನಕ್ಕೆ ಕಳುಹಿಸಿದನು. ಹಗಲು ತೋಟದ ಕೆಲಸ, ಸಂಜೆ ಪಾಠ. ಮೋನಿಯೇ ಓದುಬರಹ ಕಲಿತದ್ದು ಹೀಗೆ.

1846ರಲ್ಲಿ ಆತನಿಗೆ ಲೂವ್ರ್ ಅರಮನೆಯ ಬಳಿಯ ತ್ಯೂಲೆರೀ ಉದ್ಯಾನದಲ್ಲಿ ಕೆಲಸ ದೊರೆಯಿತು. ಕಿತ್ತಳೆ ಗಿಡಗಳ ಆರೈಕೆ ಆತನ ಪಾಲಿಗೆ ಬಂದಿತು. ಪ್ಯಾರಿಸ್ಸಿನ ಹಿಮಗಾಳಿಯನ್ನು ಕಿತ್ತಳೆ ಸಹಿಸಲಾರದು. ಆದುದರಿಂದ ಗಿಡಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಬೇಸಗೆಯಲ್ಲಿ ಬಯಲಿನಲ್ಲಿಟ್ಟು, ಚಳಿಗಾಲ ಬರುತ್ತಲೇ ಒಳಗೆ ಸಾಗಿಸಬೇಕಾಗಿತ್ತು. ತೊಂದರೆಯೆಲ್ಲ ಈ ತೊಟ್ಟಿಗಳದೇ. ಮರದ ತೊಟ್ಟಿಯು ಸದಾ ಒದ್ದೆಯಾದ ಮಣ್ಣಿನಿಂದ ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿತ್ತು. ಸುಟ್ಟ ಮಣ್ಣಿನ ಕುಂಡವು ಸಾಗಿಸುವಾಗ ಒಡೆಯುತ್ತಿತ್ತು. ಸಿಮೆಂಟಿನ ಕುಂಡ ಕೊಳೆಯದು, ನಿಜ. ಆದರೆ ಬೇರುಗಳು ಒಳಗಿನಿಂದ ಒತ್ತಿದಾಗ ಅದೂ ಬಿರುಕುಬಿಡುತ್ತಿತ್ತು. ಗೋಡೆಯನ್ನು ದಪ್ಪಗೊಳಿಸಿದರೆ ಎತ್ತುವವರಾರು?

ಮೋನಿಯೇ ಕಬ್ಬಿಣದ ಸರಳು ಮತ್ತು ತಂತಿಗಳಿಂದ ಕುಂಡದ ಆಕಾರದ ಬಲೆಯನ್ನು ಹೆಣೆದು, ಅದನ್ನು ಸಿಮೆಂಟು ಗಾರೆಯಲ್ಲಿ ಹುದುಗಿಸಿದನು. ಕುಂಡವು ತೆಳುವಾಯಿತು, ಗಟ್ಟಿಯೂ ಆಯಿತು. ಒತ್ತಡವನ್ನು ತಾಳುವುದರಲ್ಲಿ ಸಿಮೆಂಟು ಬಲಶಾಲಿ. ಎಳೆತಕ್ಕೆ ಸಿಕ್ಕಿದರೆ ಬಿರಿಯುತ್ತದೆ. ಎಳೆತವನ್ನು ಕಬ್ಬಿಣವು ತಾಳುತ್ತದೆ. ಬಿಸಿಲು ಚಳಿಗಳಿಗೆ ಇವೆರಡೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಒಂದನ್ನೊಂದು ಬಿಟ್ಟು ಕಳಚಿಕೊಳ್ಳುವುದಿಲ್ಲ. ಸಿಮೆಂಟಿನ ಕ್ಷಾರಗುಣವು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಈ ಕಾರಣಗಳನ್ನು ಮೋನಿಯೇ ಲೆಕ್ಕಹಾಕಿ ತಿಳಿದವನಲ್ಲ. ವರ್ಷಗಟ್ಟಲೆ ಮಾಡಿ ನೋಡಿ ಫಲವನ್ನು ಕಂಡುಕೊಂಡನು. ಸಿಮೆಂಟಿನೊಡನೆ ಕಬ್ಬಿಣವನ್ನು ಬೆರೆಸಿದವರಲ್ಲಿ ಆತನೇ ಮೊದಲಿಗನೂ ಅಲ್ಲ. ಲಾಂಬೋ ಎಂಬ ಮತ್ತೊಬ್ಬ ಫ್ರೆಂಚನು ಅದಾಗಲೇ ಇದೇ ರೀತಿ ದೋಣಿಯೊಂದನ್ನು ಮಾಡಿ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದನು. ಆದರೆ ಪಟ್ಟುಹಿಡಿದು ಆ ಉಪಾಯವನ್ನು ಬಳಕೆಗೆ ತಂದವನು ಈ ತೋಟಗಾರ.

1867ರಲ್ಲಿ ಆತನು ಹೂಕುಂಡಗಳಿಗೆ ಪೇಟೆಂಟು ಪಡೆದನು. ಮರುವರ್ಷವೇ ಕೊಳವೆ ಮತ್ತು ನೀರಿನ ತೊಟ್ಟಿಗಳು, ಅನಂತರ ಗೋಡೆಯ ಹಲಗೆಗಳು, 1873ರಲ್ಲಿ ಸೇತುವೆಗಳು, ಆಮೇಲೆ ತೊಲೆಗಳು ಆ ಪಟ್ಟಿಗೆ ಸೇರಿದವು. 1875ರಲ್ಲಿ ಶಾಜೆಲೆ ಎಂಬಲ್ಲಿಯ ಕೋಟೆಮನೆಯ ಕಂದಕಕ್ಕೆ ಅಡ್ಡಲಾಗಿ ಸುಮಾರು 14 ಮೀಟರ್ ಅಗಲವನ್ನು ದಾಟುವ ಸೇತುವೆಯನ್ನು ಕಟ್ಟಿದನು. ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಮೊದಲ ಸೇತುವೆ ಅದು, ಇಂದಿಗೂ ನಿಂತಿದೆ. ಅದರ ಕಟಕಟೆಯನ್ನು ಆತನು ಮರದ ಕೊಂಬೆಗಳಂತೆ ಕಾಣುವಂತೆ ರೂಪಿಸಿದ್ದಾನೆ. ಸೇತುವೆ ಕಟ್ಟುವಾಗಲೂ ತೋಟಗಾರನ ಕಣ್ಣು ಮರೆಯಾಗಲಿಲ್ಲ.

ಜರ್ಮನರು ಆತನ ಹಕ್ಕುಗಳನ್ನು ಕೊಂಡುಕೊಂಡರು. ಅಲ್ಲಿಯ ಎಂಜಿನಿಯರ್ ಕೋನೆನ್ 1886ರಲ್ಲಿ ತೊಲೆಯ ಯಾವ ಭಾಗದಲ್ಲಿ ಎಳೆತ ಬೀಳುವುದೋ ಅಲ್ಲಿಯೇ ಕಬ್ಬಿಣವನ್ನು ಇಡಬೇಕೆಂದು ಲೆಕ್ಕದಿಂದ ತೋರಿಸಿಕೊಟ್ಟನು. ಹೊಸ ಬಗೆಯ ಕಟ್ಟಡಗಳು ಎದ್ದವು, ಕಟ್ಟಿದ ಕಂಪೆನಿಗಳು ಬೆಳೆದವು. ಮೋನಿಯೇಗೆ ಮಾತ್ರ ವ್ಯವಹಾರದ ಜಾಣ್ಮೆ ಒಲಿಯಲಿಲ್ಲ. 1888ರಲ್ಲಿ ಆತನ ಉದ್ಯಮವು ದಿವಾಳಿಯಾಯಿತು. ವೃದ್ಧನ ಬಡತನವನ್ನು ಕಂಡು ಹಲವು ದೇಶಗಳ ಎಂಜಿನಿಯರುಗಳು 1902ರಲ್ಲಿ ಫ್ರಾನ್ಸಿನ ಅಧ್ಯಕ್ಷನಿಗೆ ಮನವಿ ಮಾಡಿಕೊಂಡರು. 1906ರ ಮಾರ್ಚ್ 13ರಂದು ಆತನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಕಾಂಕ್ರೀಟಿನೊಳಗೆ ಇಡುವ ಕಬ್ಬಿಣದ ಸರಳಿಗೆ ಜರ್ಮನಿಯ ಕಟ್ಟಡಗಾರರು ಆತನ ಹೆಸರನ್ನೇ ಇಟ್ಟಿದ್ದರು.